ಮಾರ್ಗವಿದ್ದರೆ ಮನಸ್ಸು

ಮನಸ್ಸಿದ್ದರೆ ಮಾರ್ಗ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇವೆ. ಇವತ್ತು ಅದನ್ನು ತಿರುಗಿಸಿ ಓದೋಣ. ಮನಸ್ಸು ಇರುವವರಿಗೆ ಆ ಗಾದೆ ಸರಿಯೇ. ಮನಸ್ಸೇ ಹೋಗಿಬಿಟ್ಟವರಿಗೆ ಅದನ್ನು ಹೇಳಿ ಏನು ಪ್ರಯೋಜನ? ಇಲ್ಲದ ಮನಸ್ಸನ್ನು ಎಲ್ಲಿಂದ ತರುವುದು? ಅವರಿಗೆ ಮೊದಲು ಬೇಕಾದದ್ದು ಮಾರ್ಗ, ಕಾಲಿಡುವುದಕ್ಕೆ ಒಂದು ಗೇಣು ಜಾಗ. ಮನಸ್ಸು ಅದರ ಹಿಂದೆ ಬರುತ್ತದೆ, ಅದೂ ನಿಧಾನವಾಗಿ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ, ಮನಶ್ಶಾಸ್ತ್ರದಲ್ಲಿ ಐದು ದಶಕಗಳಿಂದ ಪರೀಕ್ಷೆಗೆ ಒಳಗಾಗಿರುವ ವಿಚಾರ.

ಮೊದಲು ಎರಡು ಪದಗಳನ್ನು ಬಿಡಿಸಿಕೊಳ್ಳೋಣ. ಸ್ಫೂರ್ತಿ ಮತ್ತು ಪ್ರೇರಣೆ ಎರಡನ್ನೂ ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ಸ್ಫೂರ್ತಿ ಹೊಳೆಯುವಂಥದ್ದು. ಒಳ್ಳೆಯ ಸಂಗೀತ ಕೇಳಿದಾಗ, ಯಾರದೋ ಅಚ್ಚುಕಟ್ಟಾದ ಕೆಲಸ ಕಂಡಾಗ ಮೈ ಜುಮ್ಮೆನ್ನುತ್ತದಲ್ಲ, ಅದು. ಅದರ ಆಯುಷ್ಯ ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ. ಪ್ರೇರಣೆ ಬೇರೆ. ಯಾರೂ ನೋಡುತ್ತಿಲ್ಲ, ಯಾರೂ ಕೇಳುತ್ತಿಲ್ಲ, ವಿಶೇಷವಾದದ್ದೇನೂ ನಡೆದಿಲ್ಲ, ಆದರೂ ಹೋಗಿ ಕೆಲಸದ ಮುಂದೆ ಕೂರುತ್ತೀರಿ. ಹಾಗೆ ಕೂರಿಸುವುದು ಪ್ರೇರಣೆ. ಸ್ಫೂರ್ತಿಯಿಂದ ಶುರುವಾದ ಕೆಲಸ ಯಾವುದೋ ಹಂತದಲ್ಲಿ ಪ್ರೇರಣೆಯ ಕೈಗೆ ದಾಟಬೇಕು. ದಾಟದೆ ಹೋದರೆ, ಸ್ಫೂರ್ತಿ ತೀರಿದ ದಿನವೇ ಕೆಲಸವೂ ನಿಲ್ಲುತ್ತದೆ. ನಾವು ಮಾತ್ರ "ಆ ಸ್ಫೂರ್ತಿ ಮತ್ತೆ ಬರಲಿ" ಎಂದು ಕಾಯುತ್ತಾ ಕೂರುತ್ತೇವೆ. ತಿಂಗಳುಗಟ್ಟಲೆ ಕಾದವರನ್ನು ನೀವೂ ಬಲ್ಲಿರಿ.

ಉಪಾಯಗಳಿಗೆ ಹೋಗುವ ಮುಂಚೆ ಒಂದು ತಪಾಸಣೆ ಆಗಲೇಬೇಕು. ಇದನ್ನು ದಯವಿಟ್ಟು ಹಾರಿಸಬೇಡಿ. ಹುರುಪು ಹೋಗಿದೆ ಎನ್ನುವವರಲ್ಲಿ ಕೆಲವರಿಗೆ ತೊಂದರೆ ಇರುವುದು ಮನಸ್ಸಿನಲ್ಲಲ್ಲ, ಮೈಯಲ್ಲಿ. ರಕ್ತಹೀನತೆ, ಥೈರಾಯ್ಡ್ ಗ್ರಂಥಿ ಮಂದವಾಗಿರುವುದು, ವಿಟಮಿನ್ ಬಿ12 ಕೊರತೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಇವೆಲ್ಲವೂ ಹೊರಗಿನಿಂದ ನೋಡಿದರೆ "ಏನೂ ಮಾಡಲು ಮನಸ್ಸಿಲ್ಲ" ಎನ್ನುವ ಹಾಗೆಯೇ ಕಾಣುತ್ತವೆ. ಕೆಲವು ಔಷಧಿಗಳ ಅಡ್ಡಪರಿಣಾಮವೂ ಹಾಗೆಯೇ. ಮೊದಲ ಮೂರು ಸಾಮಾನ್ಯ ರಕ್ತಪರೀಕ್ಷೆಯಲ್ಲಿ ತಿಳಿಯುತ್ತವೆ. ದಿನವಿಡೀ ಸುಸ್ತು, ಕೂದಲು ಉದುರುವುದು, ಎಲ್ಲರಿಗಿಂತ ಹೆಚ್ಚು ಚಳಿ, ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಜೋರು ಗೊರಕೆ ಹೊಡೆದು ಬೆಳಿಗ್ಗೆ ತಲೆ ಭಾರ, ಇಂಥ ಲಕ್ಷಣಗಳಿದ್ದರೆ ವೈದ್ಯರನ್ನು ಕಾಣುವುದೇ ಮೊದಲ ಹೆಜ್ಜೆ. ನಿದ್ದೆಯ ಲೆಕ್ಕವನ್ನೂ ನೋಡಿಕೊಳ್ಳಿ. ವಯಸ್ಕರಿಗೆ ರಾತ್ರಿ ಕನಿಷ್ಠ 7 ಗಂಟೆ ಬೇಕು. ಐದೂವರೆ ಗಂಟೆ ಮಲಗಿ, ಹುರುಪಿಲ್ಲ ಎಂದು ತಮ್ಮನ್ನೇ ಬೈದುಕೊಳ್ಳುವವರು ಬಹಳ ಮಂದಿ.

ಇನ್ನೊಂದು ಖಿನ್ನತೆ. ಮನಸ್ಸು ಕುಗ್ಗಿರುವುದು, ಅಥವಾ ಮೊದಲು ಖುಷಿ ಕೊಡುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇವೆರಡರಲ್ಲಿ ಒಂದು ಬಹುತೇಕ ಪ್ರತಿದಿನ, ದಿನದ ಹೆಚ್ಚಿನ ಹೊತ್ತು, ಎರಡು ವಾರ ಮುಂದುವರಿದಿದ್ದರೆ, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ ಏರುಪೇರಾಗಿದ್ದರೆ, ಅದು ಚಿಕಿತ್ಸೆ ಇರುವ ಕಾಯಿಲೆ. "ಅಥವಾ" ಎಂಬ ಪದವನ್ನು ಗಮನಿಸಿ. ಅಳು ಬರದೆಯೂ, ದುಃಖವೇ ಕಾಣದೆಯೂ ಖಿನ್ನತೆ ಇರಬಹುದು. ಬದುಕು ಸಾಕು ಎಂಬ ಯೋಚನೆ ಸುಳಿದಿದ್ದರೆ ಅದೇ ದಿನ ಯಾರಿಗಾದರೂ ಬಾಯಿಬಿಟ್ಟು ಹೇಳಿ, ಅದೇ ದಿನ ವೈದ್ಯಕೀಯ ಸಹಾಯ ಪಡೆಯಿರಿ. ಮುಂದೆ ನಾನು ಹೇಳುವುದು ಚಿಕಿತ್ಸೆಯ ಜೊತೆಗೆ ನಡೆಯಬಹುದು, ಚಿಕಿತ್ಸೆಯ ಜಾಗದಲ್ಲಿ ಅಲ್ಲ.

ಕೆಲಸದಿಂದಲೇ ಬಸವಳಿದವರದು ಮತ್ತೊಂದು ಗುಂಪು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ಗೆ ಮೂರು ಗುರುತು ಹೇಳಿತು: ಶಕ್ತಿ ಬರಿದಾದ ಅನುಭವ, ಕೆಲಸದ ಬಗ್ಗೆ ದೂರ ಅಥವಾ ಕಹಿ, ಮತ್ತು ಕೆಲಸದ ಸಾಮರ್ಥ್ಯ ಕುಗ್ಗುವುದು. ಅದು ಇದನ್ನು ಕಾಯಿಲೆ ಎಂದು ಕರೆಯಲಿಲ್ಲ, ನಿಭಾಯಿಸಲಾಗದ ದೀರ್ಘ ಒತ್ತಡದಿಂದ ಉದ್ಯೋಗದಲ್ಲಿ ಹುಟ್ಟುವ ಸ್ಥಿತಿ ಎಂದಿತು. ನಿಮ್ಮದು ಇದಾದರೆ ಹೊಸ ಅಭ್ಯಾಸ ಸೇರಿಸುವುದಕ್ಕಿಂತ ಮೊದಲು ಹೊರೆ ಇಳಿಯಬೇಕು. ತಳ ಒಡೆದ ಕೊಡಕ್ಕೆ ಎಷ್ಟು ನೀರು ಹೊಯ್ದರೂ ಅಷ್ಟೇ.

ಇಷ್ಟೆಲ್ಲ ನೋಡಿಯೂ ಮೈ ಸರಿಯಿದೆ, ನಿದ್ದೆ ಸರಿಯಿದೆ, ಆದರೂ ಒಂದು ನಿರ್ದಿಷ್ಟ ಕೆಲಸಕ್ಕೆ ಮಾತ್ರ ಕೈ ಹೋಗುತ್ತಿಲ್ಲ ಎಂದಾದರೆ, ಕಾರಣ ಹುಡುಕೋಣ. ಸೋಮಾರಿತನ ಎಂಬ ಪದವನ್ನು ಸ್ವಲ್ಪ ಹೊತ್ತು ಬಾಗಿಲ ಹೊರಗಿಡಿ. ಅದು ಬೈಗುಳವೇ ಹೊರತು ಕಾರಣವಲ್ಲ. ಅದರಿಂದ ಮುಂದೇನು ಮಾಡಬೇಕೆಂದು ತಿಳಿಯುವುದಿಲ್ಲ.

ನಿಮ್ಮನ್ನು ನೀವೇ ಕೇಳಿಕೊಳ್ಳಿ: ಕೊನೆಯ ಸಲ ಈ ಕೆಲಸವನ್ನು ಇಷ್ಟಪಟ್ಟು ಮಾಡಿದ್ದು ಯಾವಾಗ, ಅದರ ನಂತರದ ಎರಡು ಮೂರು ವಾರದಲ್ಲಿ ಏನಾಯಿತು? ಸಾಮಾನ್ಯವಾಗಿ ಉತ್ತರ ಅಲ್ಲಿರುತ್ತದೆ. ಮಾಡಿದ್ದಕ್ಕೆ ಫಲ ಕಾಣದೆ ಹೋಯಿತೆ? ಇಷ್ಟದ ಕೆಲಸಕ್ಕೆ ಬೇರೆಯವರ ಅಳತೆಗೋಲು ಬಂತೆ? ಅಥವಾ ಮುಂದಿನ ಹೆಜ್ಜೆ ಯಾವುದೆಂದೇ ತಿಳಿಯದಷ್ಟು ಕೆಲಸ ಮಸುಕಾಯಿತೆ?

ಮೊದಲನೆಯದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಅದರ ಹಿಂದೆ ವಿಜ್ಞಾನ ತನ್ನನ್ನೇ ತಿದ್ದಿಕೊಂಡ ಕಥೆಯಿದೆ. 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ನಾಯಿಗಳ ಮೇಲೆ ಪ್ರಯೋಗವೊಂದನ್ನು ಮಾಡಿದರು. ಕೆಲವು ನಾಯಿಗಳಿಗೆ ವಿದ್ಯುತ್ ಶಾಕ್ ತಗುಲಿದಾಗ ಫಲಕ ಒತ್ತಿ ಅದನ್ನು ನಿಲ್ಲಿಸಲು ಆಗುತ್ತಿತ್ತು. ಇನ್ನು ಕೆಲವಕ್ಕೆ ಅಷ್ಟೇ ಶಾಕ್, ಆದರೆ ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಮಾರನೆಯ ದಿನ ಸುಲಭವಾಗಿ ದಾಟಬಹುದಾದ ತಡೆ ಇದ್ದ ಪೆಟ್ಟಿಗೆಯಲ್ಲಿ ಬಿಟ್ಟಾಗ, ಎರಡನೇ ಗುಂಪಿನ ಹೆಚ್ಚಿನ ನಾಯಿಗಳು ದಾಟಲು ಪ್ರಯತ್ನಿಸಲೇ ಇಲ್ಲ. ಸುಮ್ಮನೆ ಸಹಿಸಿಕೊಂಡು ನಿಂತವು. ಅದನ್ನು ಕಲಿತ ಅಸಹಾಯಕತೆ ಎಂದು ಕರೆದರು. ಪಾಪ, ಆ ಪ್ರಾಣಿಗಳು ಪಟ್ಟ ನೋವನ್ನು ನೆನೆದರೆ ಇಂಥ ಪ್ರಯೋಗದ ಮಾತಾಡಲು ಸಂಕಟವಾಗುತ್ತದೆ. ಆದರೂ ಅಲ್ಲಿಂದ ಬಂದ ತಿಳಿವಳಿಕೆಯನ್ನು ವ್ಯರ್ಥ ಮಾಡಬಾರದು. ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ಮಿದುಳಿನ ಅಧ್ಯಯನಗಳನ್ನು ಮುಂದಿಟ್ಟುಕೊಂಡು ಅದೇ ಇಬ್ಬರು ತಮ್ಮ ಸಿದ್ಧಾಂತವನ್ನು ತಲೆಕೆಳಗು ಮಾಡಿದರು. ಅಸಹಾಯಕತೆಯನ್ನು ಯಾರೂ ಕಲಿಯುವುದಿಲ್ಲ, ದೀರ್ಘಕಾಲದ ನೋವಿಗೆ ಕೈಚೆಲ್ಲಿ ಕೂರುವುದು ಜೀವಿಯ ಸಹಜ ಪ್ರತಿಕ್ರಿಯೆ, ಕಲಿಯಬೇಕಾದದ್ದು "ನನ್ನ ಕೈಯಿಂದ ಏನೋ ಬದಲಾಗುತ್ತದೆ" ಎಂಬುದನ್ನು ಎಂದರು.

ಇದರಿಂದ ನಮಗೇನು? ಬಹಳ ಇದೆ. ಆರು ತಿಂಗಳು ಅರ್ಜಿ ಹಾಕಿಯೂ ಉತ್ತರ ಬಾರದವರು, ಮೂರು ಸಲ ಪರೀಕ್ಷೆ ಬರೆದೂ ದಾಟದವರು ಕೈಚೆಲ್ಲಿದರೆ ಅದು ಅವರ ದೋಷವಲ್ಲ. ಅವರಿಗೆ ಉಪದೇಶ ಹತ್ತುವುದೂ ಇಲ್ಲ. ಹತ್ತುವುದು ಒಂದೇ: ಮಾಡಿದರೆ ಅದೇ ದಿನ ಫಲ ಕಾಣುವ, ಪೂರ್ತಿ ತಮ್ಮ ಹಿಡಿತದಲ್ಲಿರುವ ಸಣ್ಣ ಕೆಲಸ. "ಈ ತಿಂಗಳು ಕೆಲಸ ಸಿಗಬೇಕು" ಎನ್ನುವುದು ನಿಮ್ಮ ಹಿಡಿತದಲ್ಲಿಲ್ಲ. "ಇವತ್ತು ಅರ್ಜಿಯ ಮೊದಲ ಪ್ಯಾರಾ ತಿದ್ದುತ್ತೇನೆ" ಎನ್ನುವುದು ಇದೆ. ಗುರಿಯನ್ನು ಫಲದಿಂದ ಕ್ರಿಯೆಗೆ ಬದಲಿಸುವುದು ಎಂದರೆ ಇಷ್ಟೇ.

ಎರಡನೆಯದು, ಇಷ್ಟದ ಕೆಲಸಕ್ಕೆ ಬೇರೆಯವರ ಅಳತೆಗೋಲು ಬರುವುದು. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳನ್ನು ಆರಿಸಿ, ಕೆಲವರಿಗೆ "ಬರೆದರೆ ಬಹುಮಾನಪತ್ರ ಕೊಡುತ್ತೇವೆ" ಎಂದು ಮೊದಲೇ ಹೇಳಿದರು. ಒಂದೆರಡು ವಾರ ಕಳೆದು ಬಿಡುವಿನ ವೇಳೆಯಲ್ಲಿ ಅದೇ ಬಣ್ಣದ ಪೆನ್ನುಗಳನ್ನು ಇಟ್ಟಾಗ, ಬಹುಮಾನದ ಆಸೆ ಹುಟ್ಟಿಸಿಕೊಂಡಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಬಹುಮಾನ ಅನಿರೀಕ್ಷಿತವಾಗಿ ಸಿಕ್ಕ ಮಕ್ಕಳ ಉತ್ಸಾಹ ಕುಗ್ಗಿರಲಿಲ್ಲ. ದೊಡ್ಡವರ ಬಾಳಿನಲ್ಲಿ ಬಹುಮಾನಪತ್ರದ ಜಾಗದಲ್ಲಿ ಲೈಕುಗಳಿವೆ, ಅಂಕಗಳಿವೆ, ಹೋಲಿಕೆಯಿದೆ. ಕವಿತೆ ಬರೆಯುತ್ತಿದ್ದವರು ಎಷ್ಟು ಜನ ಓದಿದರು ಎಂದು ನೋಡಲು ಶುರುಮಾಡುತ್ತಾರೆ, ಸಂಖ್ಯೆ ಇಳಿದ ದಿನ ಬರೆಯುವ ಆಸೆಯೂ ಇಳಿಯುತ್ತದೆ. ಇದಕ್ಕೆ ಮದ್ದು ಎಂದರೆ ಕೆಲವು ವಾರ ಯಾರಿಗೂ ತೋರಿಸದೆ ಮಾಡುವುದು. ನಾನು ನಾಲ್ಕು ವಾರ ಎನ್ನುತ್ತೇನೆ. ತೋರಿಸದೆ ಇರುವುದು ಮೊದಲ ವಾರ ಕೈ ಕಡಿದ ಹಾಗಿರುತ್ತದೆ, ರೋಗ ಎಲ್ಲಿತ್ತೆಂದು ಅದೇ ತೋರಿಸುತ್ತದೆ.

ಮೂರನೆಯದು, ಮಸುಕು. ಇದಕ್ಕೆ ಮುಂದೆ ಬರುತ್ತೇನೆ.

ಈಗ ಮುಖ್ಯ ಮಾತಿಗೆ. 1970ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್‌ಸನ್ ಖಿನ್ನತೆಯನ್ನು ಒಂದು ವರ್ತುಲವಾಗಿ ಕಂಡರು. ಮನಸ್ಸು ಕುಗ್ಗಿದಾಗ ಮನುಷ್ಯ ಚಟುವಟಿಕೆ ಕಡಿಮೆ ಮಾಡುತ್ತಾನೆ, ಚಟುವಟಿಕೆ ಕಡಿಮೆಯಾದಾಗ ಖುಷಿಯ ಸಂದರ್ಭಗಳೂ ಕಡಿಮೆಯಾಗುತ್ತವೆ, ಅದರಿಂದ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ವರ್ತುಲವನ್ನು ಎಲ್ಲಿ ಕತ್ತರಿಸುವುದು? ಮನಸ್ಸನ್ನು ನೇರವಾಗಿ ಹಿಡಿಯಲಾಗದು, ಚಟುವಟಿಕೆಯನ್ನು ಹಿಡಿಯಬಹುದು. 1996ರಲ್ಲಿ ನೀಲ್ ಜೇಕಬ್‌ಸನ್ ಅವರ ತಂಡ ಸುಮಾರು 150 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿತು. ಒಂದು ಗುಂಪಿಗೆ ಯೋಚನೆಗಳನ್ನು ತಿದ್ದುವ ಪೂರ್ತಿ ಚಿಕಿತ್ಸೆ, ಇನ್ನೊಂದಕ್ಕೆ ದಿನಚರಿಯಲ್ಲಿ ಚಟುವಟಿಕೆ ಹೆಚ್ಚಿಸುವ ಭಾಗ ಮಾತ್ರ. ಎರಡೂ ಗುಂಪು ಒಂದೇ ಮಟ್ಟದಲ್ಲಿ ಸುಧಾರಿಸಿದವು. ಯೋಚನೆ ಬದಲಾಗುವ ತನಕ ಕಾಯಬೇಕಾಗಿರಲಿಲ್ಲ. ಖಿನ್ನತೆಯಷ್ಟು ಭಾರವಾದದ್ದರಲ್ಲೇ ಈ ಕ್ರಮ ನಡೆಯುವುದಾದರೆ, ಬರೀ ಹುರುಪು ಕಳೆದುಕೊಂಡವರು ಇದನ್ನು ನಂಬಿ ಹಿಡಿಯಬಹುದು.

ಕೈಯಲ್ಲಿ ಹಾಳೆ ಇದ್ದರೆ ತೆಗೆದುಕೊಳ್ಳಿ, ಇನ್ನು ಮುಂದೆ ಬರೆದುಕೊಳ್ಳುವ ಮಾತು.

ಮೊದಲ 7 ದಿನ ಏನನ್ನೂ ಬದಲಿಸಬೇಡಿ, ಬರೀ ದಾಖಲಿಸಿ. ಎದ್ದಾಗಿನಿಂದ ಮಲಗುವ ತನಕ ಗಂಟೆಗೊಂದು ಸಾಲು: ಏನು ಮಾಡಿದೆ, ಮುದ ಎಷ್ಟು, ಸಾಧಿಸಿದ ಭಾವ ಎಷ್ಟು. ಎರಡಕ್ಕೂ 0ಯಿಂದ 10ರ ಒಳಗೆ ಅಂಕ. ಮುದ ಮತ್ತು ಸಾಧಿಸಿದ ಭಾವ ಬೇರೆ ಬೇರೆ ಎಂಬುದೇ ಈ ದಾಖಲೆಯ ಜೀವ. ಫೋನಿನಲ್ಲಿ ತುಣುಕು ವಿಡಿಯೊ ನೋಡಿದ ಗಂಟೆಗೆ ಮುದ 4, ಸಾಧನೆ 0 ಬರಬಹುದು. ಕಪಾಟು ಜೋಡಿಸಿದ್ದಕ್ಕೆ ಮುದ 2, ಸಾಧನೆ 6. ಗೆಳತಿಯ ಜೊತೆ ನಡೆದುಬಂದದ್ದಕ್ಕೆ ಎರಡೂ 6. ರಾತ್ರಿ ಕೂತು ಇಡೀ ದಿನದ್ದನ್ನು ಒಟ್ಟಿಗೆ ಬರೆದರೆ ಎಲ್ಲವೂ 2 ಆಗಿಬಿಡುತ್ತದೆ, ಏಕೆಂದರೆ ಕುಗ್ಗಿದ ಮನಸ್ಸಿಗೆ ಹಿಂದಿನದೆಲ್ಲ ಬೂದು ಬಣ್ಣದಲ್ಲೇ ನೆನಪಾಗುತ್ತದೆ. ಆದ್ದರಿಂದ ಎರಡು ಮೂರು ಗಂಟೆಗೊಮ್ಮೆಯಾದರೂ ಬರೆಯಿರಿ. ವಾರದ ಕೊನೆಗೆ ನೋಡಿದರೆ "ಯಾವುದರಲ್ಲೂ ಏನೂ ಇಲ್ಲ" ಎಂದುಕೊಂಡಿದ್ದವರ ಹಾಳೆಯಲ್ಲೂ ಎರಡು ಮೂರು ಕಡೆ 5 ದಾಟಿರುತ್ತದೆ. ಆ ಜಾಗಗಳನ್ನು ಸುತ್ತು ಹಾಕಿ ಗುರುತಿಸಿ. ಮುಂದಿನ ವಾರ ಅವನ್ನು ಮೊದಲೇ ವೇಳೆ ಗೊತ್ತುಮಾಡಿ ದಿನಚರಿಗೆ ಸೇರಿಸಬೇಕು, ನಿಂತುಹೋದ ಕೆಲಸವನ್ನು ಅವುಗಳಲ್ಲಿ ಒಂದರ ಪಕ್ಕದಲ್ಲಿಡಬೇಕು.

ನಿಂತುಹೋದ ಕೆಲಸಕ್ಕೆ ಮರಳುವುದು ಹೇಗೆ ಎಂಬುದನ್ನು ಒಂದೇ ಉದಾಹರಣೆಯಲ್ಲಿ ಹತ್ತಿರದಿಂದ ನೋಡೋಣ. ಅರ್ಧ ಬರೆದ ಒಂದು ವರದಿ ಇದೆ, 40 ಪುಟದಲ್ಲಿ 17 ಪುಟ ಆಗಿದೆ. ಆರು ವಾರದಿಂದ ಆ ಕಡತ ತೆರೆದಿಲ್ಲ. ಹೆಸರು ಕಂಡರೆ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ. ಹೆಚ್ಚಿನವರು ಏನು ಮಾಡುತ್ತಾರೆ? ಭಾನುವಾರ ಇಡೀ ದಿನ ಖಾಲಿ ಮಾಡಿಕೊಂಡು "ಇವತ್ತು ಮುಗಿಸಿಯೇ ಬಿಡುತ್ತೇನೆ" ಎಂದು ಕೂರುತ್ತಾರೆ. ಎರಡು ಗಂಟೆ ಮೊದಲ ಪುಟದ ವಾಕ್ಯಗಳನ್ನೇ ತಿದ್ದುತ್ತಾರೆ, ಸುಸ್ತಾಗಿ ಏಳುತ್ತಾರೆ, ಕಡತ ಇನ್ನೂ ಮೂರು ವಾರ ಮುಚ್ಚಿರುತ್ತದೆ.

ಮೊದಲ ದಿನ ಬರೆಯುವುದೇ ಬೇಡ. 10 ನಿಮಿಷಕ್ಕೆ ಗಡಿಯಾರ ಇಡಿ, ಕಡತ ತೆರೆಯಿರಿ, ಕೊನೆಯ ಎರಡು ಪುಟ ಮಾತ್ರ ಓದಿ. ಮೊದಲಿನಿಂದ ಓದಬೇಡಿ, ಹಳೆಯ ತಪ್ಪುಗಳು ಅಲ್ಲೇ ಕಾಲು ಹಿಡಿಯುತ್ತವೆ. ಮೊದಲ ಮೂರು ನಾಲ್ಕು ನಿಮಿಷ ಮುಜುಗರವಾಗುತ್ತದೆ, ಎದ್ದು ನೀರು ಕುಡಿಯಬೇಕೆನಿಸುತ್ತದೆ. ಅದು ಕೆಲಸದ ಕಷ್ಟವಲ್ಲ, ದೂರವಾದದ್ದರ ಹತ್ತಿರ ಮತ್ತೆ ಹೋದಾಗಿನ ಕಸಿವಿಸಿ. ಕೂತಿದ್ದರೆ ಇಳಿಯುತ್ತದೆ. ಗಂಟೆ ಹೊಡೆದ ಮೇಲೆ ಪುಟದ ಕೊನೆಗೆ ಮೂರು ಸಾಲು ಬರೆಯಿರಿ: ಎಲ್ಲಿಗೆ ನಿಂತಿದೆ, ಏನು ಸಿಕ್ಕಿಲ್ಲ, ನಾಳೆ ಮೊದಲು ಯಾವುದು. ಮುಚ್ಚಿ. ಎರಡನೇ ದಿನ ಆ ಮೂರನೇ ಸಾಲನ್ನು ಮಾತ್ರ ಮಾಡಿ, ಮತ್ತೆ 10 ನಿಮಿಷ.

ಆ ಮೂರನೇ ಸಾಲಿನಲ್ಲಿಯೇ ಮಸುಕಿಗೆ ಮದ್ದಿದೆ. "ಅಧ್ಯಾಯ 3 ನೋಡಬೇಕು" ಎಂದು ಬರೆದರೆ ನಾಳೆ ಮತ್ತೆ ಯೋಚಿಸಬೇಕಾಗುತ್ತದೆ, ಯೋಚಿಸಬೇಕಾದಲ್ಲಿ ಮನಸ್ಸು ಜಾರಿಕೊಳ್ಳುತ್ತದೆ. "18ನೇ ಪುಟದಲ್ಲಿ ಕೋಷ್ಟಕದ ಕೆಳಗೆ, ಎರಡನೇ ವರ್ಷ ಸಂಖ್ಯೆ ಯಾಕೆ ಇಳಿಯಿತು ಎಂದು ನಾಲ್ಕು ವಾಕ್ಯ ಬರೆ" ಎಂದರೆ ಕೈಗೆ ನೇರವಾಗಿ ಕೆಲಸ ಸಿಗುತ್ತದೆ. ಪರೀಕ್ಷೆ ಹೀಗೆ: ಆ ಸಾಲನ್ನು ಬೇರೆಯವರ ಕೈಗೆ ಕೊಟ್ಟರೆ, ಅವರು ನಿಮ್ಮನ್ನು ಏನೂ ಕೇಳದೆ ಶುರುಮಾಡಲು ಸಾಧ್ಯವೆ? ಸಾಧ್ಯವಿದ್ದರೆ ಹೆಜ್ಜೆ ಸಾಕಷ್ಟು ಸಣ್ಣದಾಗಿದೆ.

ಕೆಲಸವನ್ನು ಅಧ್ಯಾಯದ ಕೊನೆಗೆ ನಿಲ್ಲಿಸಬೇಡಿ, ನಡುವೆ ನಿಲ್ಲಿಸಿ. ಅರ್ಧಕ್ಕೆ ತಡೆದ ಕೆಲಸವನ್ನು ಜನ ಯಾರೂ ಹೇಳದೆಯೇ ಮತ್ತೆ ಕೈಗೆತ್ತಿಕೊಳ್ಳುತ್ತಾರೆ ಎಂಬುದನ್ನು 1928ರಷ್ಟು ಹಿಂದೆಯೇ ಮರಿಯಾ ಒವ್ಸ್ಯಾಂಕಿನಾ ತೋರಿಸಿದ್ದರು. ಮುಂದಿನ ವಾಕ್ಯ ಏನೆಂದು ಗೊತ್ತಿರುವಾಗಲೇ ಎದ್ದು ಬಿಡುವುದು ಆ ಸೆಳೆತವನ್ನು ನಾಳೆಗೆ ಉಳಿಸಿಕೊಳ್ಳುವ ಉಪಾಯ.

ಎಡವುವುದು ಎಲ್ಲಿ ಎಂದರೆ, ಮೂರನೇ ಅಥವಾ ನಾಲ್ಕನೇ ದಿನ. ಆ ಹೊತ್ತಿಗೆ ಸ್ವಲ್ಪ ರುಚಿ ಹತ್ತಿರುತ್ತದೆ, 10 ನಿಮಿಷದ ಬದಲು ಮೂರು ಗಂಟೆ ಕೂರುತ್ತಾರೆ. ಬಹಳ ಖುಷಿ. ಮರುದಿನ ಕೂರಬೇಕೆಂದರೆ ಮನಸ್ಸಿನ ಮುಂದೆ ಬರುವುದು 10 ನಿಮಿಷವಲ್ಲ, ಆ ಮೂರು ಗಂಟೆ. ಬೆಟ್ಟ ಮತ್ತೆ ಎದ್ದು ನಿಂತಿರುತ್ತದೆ. ಆದ್ದರಿಂದ ಮೊದಲ ಎರಡು ವಾರ ಮೇಲಿನ ಮಿತಿಯನ್ನೂ ಇಟ್ಟುಕೊಳ್ಳಿ: ಗೊತ್ತುಮಾಡಿದ ಹೊತ್ತಿನ ಎರಡರಷ್ಟು, ಅದಕ್ಕಿಂತ ಒಂದು ನಿಮಿಷವೂ ಬೇಡ. ಮೂರನೇ ವಾರ 15 ನಿಮಿಷ, ನಾಲ್ಕನೇ ವಾರ 25. ಕೆಲಸಕ್ಕೆ ಗಡುವು ಇದ್ದರೆ ಈ ಲೆಕ್ಕ ಸಾಲದು, ಒಪ್ಪುತ್ತೇನೆ. ಆಗ ದಿನಕ್ಕೆ ಒಂದು ಸಲ ಉದ್ದವಾಗಿ ಕೂರುವ ಬದಲು, ಅದೇ 10 ನಿಮಿಷವನ್ನು ನಡುವೆ ನಿಜವಾದ ಬಿಡುವು ಕೊಟ್ಟು ದಿನಕ್ಕೆ ನಾಲ್ಕು ಸಲ ಮಾಡಿ.

ಯಾವಾಗ ಕೂರುವುದು? "ಸಂಜೆ" ಎಂದರೆ ಯಾವಾಗಲೂ ಆಗುವುದಿಲ್ಲ. ಪೀಟರ್ ಗೊಲ್‌ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು "ಹೀಗಾದಾಗ ಹೀಗೆ ಮಾಡುತ್ತೇನೆ" ಎಂಬ ರೂಪದ ಸಂಕಲ್ಪವನ್ನು ದಶಕಗಳ ಕಾಲ ಅಧ್ಯಯನ ಮಾಡಿದರು. 2006ರಲ್ಲಿ ಅವರು ಪಾಸ್ಕಲ್ ಶೀರನ್ ಅವರೊಂದಿಗೆ 94 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರೀ ಗುರಿ ಇಟ್ಟುಕೊಂಡವರಿಗಿಂತ ಹೀಗೆ ಸಂದರ್ಭಕ್ಕೆ ಕಟ್ಟಿಕೊಂಡವರು ಗಮನಾರ್ಹವಾಗಿ ಹೆಚ್ಚು ಸಲ ಮಾಡಿ ಮುಗಿಸಿದ್ದರು. "ರಾತ್ರಿ ಊಟದ ತಟ್ಟೆ ತೊಳೆದಿಟ್ಟ ತಕ್ಷಣ, ಮೇಜಿನ ಹತ್ತಿರ ಹೋಗಿ ಕಡತ ತೆರೆಯುತ್ತೇನೆ." ಇದರಲ್ಲಿ ಗಡಿಯಾರವಿಲ್ಲ, ದಿನವೂ ತಪ್ಪದೆ ನಡೆಯುವ, ಕೈಗೆ ತಿಳಿಯುವ ಒಂದು ಘಟನೆಯಿದೆ. "ಫೋನ್ ನೋಡುವುದಿಲ್ಲ" ಎಂಬಂಥ ನಿಷೇಧದ ಸಂಕಲ್ಪ ಕೆಲಸ ಮಾಡುವುದಿಲ್ಲ, ಹೇಳಿಕೊಳ್ಳುವಾಗಲೇ ಫೋನ್ ನೆನಪಾಗುತ್ತದೆ. "ಕೂರುವ ಮುಂಚೆ ಫೋನನ್ನು ಪಕ್ಕದ ಕೋಣೆಯಲ್ಲಿ ಇಟ್ಟು ಬರುತ್ತೇನೆ" ಎನ್ನಿ. ಒಂದು ಹೊತ್ತಿಗೆ ಇಂಥ ಸಂಕಲ್ಪ ಒಂದೇ ಇರಲಿ. ಐದು ಬರೆದು ಗೋಡೆಗೆ ಅಂಟಿಸಿದವರು ಒಂದನ್ನೂ ಉಳಿಸಿಕೊಳ್ಳುವುದಿಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು ಹೇಳಬೇಕು. ಹುರುಪು ಹೋದಾಗ ನಾವು ಪ್ರೇರಣಾದಾಯಕ ಭಾಷಣಗಳ ವಿಡಿಯೊ ನೋಡುತ್ತೇವೆ, ಗೆದ್ದ ಮೇಲೆ ಹೇಗಿರುತ್ತದೆ ಎಂದು ಕಣ್ಣುಮುಚ್ಚಿ ಕಲ್ಪಿಸಿಕೊಳ್ಳಲು ಯಾರೋ ಹೇಳಿಕೊಡುತ್ತಾರೆ. ಗೇಬ್ರಿಯೆಲ್ ಒಟ್ಟಿಂಗನ್ ಮತ್ತು ಹೀದರ್ ಕ್ಯಾಪಸ್ 2011ರಲ್ಲಿ ಇದನ್ನು ಅಳೆದು ನೋಡಿದರು. ಎಲ್ಲವೂ ಸೊಗಸಾಗಿ ನಡೆದುಹೋದಂತೆ ಕಲ್ಪಿಸಿಕೊಂಡವರಲ್ಲಿ ಚೈತನ್ಯ ಏರಲಿಲ್ಲ, ಇಳಿಯಿತು. ಗೆದ್ದಾಯಿತು ಎಂಬಂತೆ ಮೈ ಸಡಿಲವಾಗುತ್ತದೆ. ಒಟ್ಟಿಂಗನ್ ಅವರು ಸೂಚಿಸುವ ಕ್ರಮ ಬೇರೆ: ಬೇಕಾದದ್ದನ್ನು ಒಂದು ನಿಮಿಷ ಕಲ್ಪಿಸಿಕೊಳ್ಳಿ, ಕೂಡಲೇ ಅದಕ್ಕೆ ಅಡ್ಡ ಬರುವ ನಿಮ್ಮೊಳಗಿನ ಒಂದು ಅಡ್ಡಿಯನ್ನೂ ಅಷ್ಟೇ ಸ್ಪಷ್ಟವಾಗಿ ಕಲ್ಪಿಸಿಕೊಳ್ಳಿ, ಆ ಅಡ್ಡಿಗೆ "ಹೀಗಾದಾಗ ಹೀಗೆ" ಎಂದು ಉತ್ತರ ಕಟ್ಟಿ. ಮಲಗುವ ಮುಂಚೆ ಭಾಷಣದ ವಿಡಿಯೊ ನೋಡಿ ಕಣ್ಣು ತುಂಬಿಸಿಕೊಂಡು, ಬೆಳಿಗ್ಗೆ ಏನೂ ಮಾಡಲಾಗದೆ ಇನ್ನಷ್ಟು ಕುಗ್ಗುವವರ ಬಗ್ಗೆ ನನಗೆ ನಿಜವಾಗಿಯೂ ಮರುಕವಿದೆ. ತಪ್ಪು ಅವರದಲ್ಲ, ಮದ್ದು ಬೇರೆ ಕಾಯಿಲೆಯದು.

ಎಷ್ಟು ದಿನ ಹೀಗೆ ತಳ್ಳಬೇಕು ಎಂಬ ಪ್ರಶ್ನೆ ಎಲ್ಲರಲ್ಲೂ ಇರುತ್ತದೆ. 21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ, ಅದನ್ನು ನಂಬಿದವರು 22ನೇ ದಿನ ಇನ್ನೂ ಕಷ್ಟವಾದಾಗ ಕೈಬಿಡುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಸಣ್ಣ ಕ್ರಿಯೆ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಹಿಡಿದ ಕಾಲದ ಮಧ್ಯಾಂಕ 66 ದಿನ, ಅಂದರೆ ಅರ್ಧ ಜನರಿಗೆ ಅದಕ್ಕಿಂತ ಕಡಿಮೆ, ಉಳಿದರ್ಧಕ್ಕೆ ಹೆಚ್ಚು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾದೀತೆಂದು ಅಂದಾಜು ಸಿಕ್ಕಿತು. ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಅದಕ್ಕಿಂತ ಮುಖ್ಯ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸದ ಬೆಳವಣಿಗೆಗೆ ಹೇಳಿಕೊಳ್ಳುವಂಥ ಹಾನಿ ಆಗಲಿಲ್ಲ.

ಹಾಗಾದರೆ ಹಾನಿ ಎಲ್ಲಿಂದ? ತಪ್ಪಿದ ದಿನದ ರಾತ್ರಿ ನಮಗೆ ನಾವೇ ಆಡಿಕೊಳ್ಳುವ ಮಾತಿನಿಂದ. "ಹೋಯಿತು, ಇನ್ನೇನು" ಎಂಬ ಮಾತು ಒಂದು ದಿನವನ್ನು ಒಂದು ತಿಂಗಳು ಮಾಡುತ್ತದೆ. ಮೈಕೆಲ್ ವೋಲ್ ಮತ್ತು ಸಂಗಡಿಗರು 2010ರಲ್ಲಿ 119 ಮಂದಿ ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ಕಂಡದ್ದು ಇದು: ಮೊದಲ ಪರೀಕ್ಷೆಗೆ ಓದದೆ ಮುಂದೂಡಿದ್ದಕ್ಕೆ ತಮ್ಮನ್ನು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಬೈದುಕೊಂಡರೆ ಬಿಗಿಯಾಗುತ್ತೇವೆ ಎಂದು ನಾವು ತಿಳಿದಿದ್ದೇವೆ. ಆಗುವುದು ಬೇರೆ, ಬೈಗುಳದ ನೋವು ಆ ಕೆಲಸಕ್ಕೆ ಅಂಟಿಕೊಳ್ಳುತ್ತದೆ, ನೋವಿರುವ ಕಡೆ ಕಾಲು ಹೋಗುವುದಿಲ್ಲ. ತಪ್ಪಿದ ದಿನಕ್ಕೆ ಒಂದು ಲೆಕ್ಕವನ್ನು ಮೊದಲೇ ಬರೆದಿಟ್ಟುಕೊಳ್ಳಿ: ನಿನ್ನೆ ತಪ್ಪಿದರೆ ಇವತ್ತು ಅರ್ಧ. 10 ನಿಮಿಷದ ಬದಲು 5. ಬಾಕಿ ತೀರಿಸಲೆಂದು 20 ಕೂರಬೇಡಿ.

ಒಬ್ಬರೇ ಮಾಡಬೇಕೆಂಬ ಹಟವೂ ಬೇಡ. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಕಟ್ಟಿದ ಸಿದ್ಧಾಂತದಲ್ಲಿ ಒಳಗಿನ ಪ್ರೇರಣೆಗೆ ಮೂರು ಆಹಾರ: ನಾನೇ ಆರಿಸಿದ್ದು, ನನಗೆ ಬರುತ್ತದೆ, ನನ್ನವರು ಇದ್ದಾರೆ ಎಂಬ ಭಾವಗಳು. ಮೂರನೆಯದಕ್ಕೆ ಹೆಚ್ಚೇನೂ ಬೇಕಿಲ್ಲ. ತಮ್ಮ ತಮ್ಮ ಕೆಲಸ ಹಿಡಿದು ಮಾತಿಲ್ಲದೆ 25 ನಿಮಿಷ ಒಟ್ಟಿಗೆ ಕೂರುವ ಒಬ್ಬರು ಸಾಕು. ಆದರೆ ಅವರು ನಿಮ್ಮ ಕೆಲಸದ ಗುಣವನ್ನು ಅಳೆಯಬಾರದು, ಅಷ್ಟು ಕರಾರು ಮಾಡಿಕೊಳ್ಳಿ.

ಕೊನೆಯ ವಿಷಯಕ್ಕೆ ಬರುತ್ತೇನೆ, ಇದನ್ನು ಹೇಳಲು ಹಲವರು ಹಿಂಜರಿಯುತ್ತಾರೆ. ಎಲ್ಲ ಕೆಲಸಕ್ಕೂ ಹುರುಪು ಮರಳಬೇಕಾಗಿಲ್ಲ. ಕೆಲವು ಗುರಿಗಳ ಕಾಲ ಮುಗಿದಿರುತ್ತದೆ, ಕೆಲವು ಮೊದಲಿನಿಂದಲೂ ನಮ್ಮವಾಗಿರಲಿಲ್ಲ. ಯಾವುದು ಎಂದು ತಿಳಿಯುವುದು ಹೇಗೆ? ನಾಲ್ಕು ವಾರ, ಪ್ರತಿ ಸಲ ಕೂರುವ ಮುಂಚೆ "ಎಷ್ಟು ಹಿಡಿಸೀತು" ಎಂದು ಒಂದು ಅಂಕ, ಎದ್ದ ಮೇಲೆ "ಎಷ್ಟು ಹಿಡಿಸಿತು" ಎಂದು ಇನ್ನೊಂದು ಅಂಕ ಹಾಕಿ. ಮುಂಚಿನ ಅಂಕ 2, ಆಮೇಲಿನದು 5, ಹೀಗೇ ಮತ್ತೆ ಮತ್ತೆ ಬರುತ್ತಿದ್ದರೆ ನಿಮ್ಮ ಮನಸ್ಸಿನ ಮುನ್ಸೂಚನೆ ಸುಳ್ಳು ಹೇಳುತ್ತಿದೆ, ಕೆಲಸ ನಿಮ್ಮದೇ, ಮುಂದುವರಿಸಿ. ಮುಂಚೆಯೂ 2, ಆಮೇಲೂ 2, ನಾಲ್ಕನೇ ವಾರದಲ್ಲೂ ಹಾಗೇ ಇದ್ದು, ದಿನದ ಉಳಿದ ಚಟುವಟಿಕೆಗಳಲ್ಲಿ ಮಾತ್ರ ಅಂಕ ಏರಿದ್ದರೆ, ಪ್ರಶ್ನಿಸಬೇಕಾದದ್ದು ಆ ಗುರಿಯನ್ನು. ಎಲ್ಲದರಲ್ಲೂ 2 ಇದ್ದರೆ ಮೊದಲು ಹೇಳಿದ ವೈದ್ಯರ ಮಾತಿಗೆ ಮರಳಿ.

ಕೈಬಿಡುವುದಾದರೆ ಅದನ್ನೂ ಕ್ರಮವಾಗಿ ಮಾಡಿ. ತಾನಾಗಿ ಜಾರಿಹೋಗಲು ಬಿಟ್ಟ ಕೆಲಸ ವರ್ಷಗಟ್ಟಲೆ ಮನಸ್ಸಿನ ಮೂಲೆಯಲ್ಲಿ ಕೂತು ಬಡ್ಡಿ ವಸೂಲಿ ಮಾಡುತ್ತದೆ. ಒಂದು ತಾರೀಖು ಹಾಕಿ, ಎಲ್ಲಿಗೆ ನಿಂತಿದೆ, ಯಾಕೆ ನಿಲ್ಲಿಸುತ್ತಿದ್ದೇನೆ ಎಂದು ಅರ್ಧ ಪುಟ ಬರೆಯಿರಿ. ಯಾರಿಗಾದರೂ ಮಾತು ಕೊಟ್ಟಿದ್ದರೆ ಅವರಿಗೆ ತಿಳಿಸಿ. ಕಡತವನ್ನು ಮೇಜಿನ ಮೇಲಿಂದ, ಕಂಪ್ಯೂಟರಿನ ಪರದೆಯಿಂದ ತೆಗೆದು ಕಣ್ಣಿಗೆ ಬೀಳದ ಕಡೆ ಇಡಿ. ತಟ್ಟೆ ತೊಳೆದಿಟ್ಟ ಮೇಲಿನ ಆ 10 ನಿಮಿಷವನ್ನು ಮಾತ್ರ ಬಿಟ್ಟುಕೊಡಬೇಡಿ. ಮೊದಲ ವಾರದ ಹಾಳೆಯಲ್ಲಿ ಸುತ್ತು ಹಾಕಿದ್ದಿರಲ್ಲ, ಅವುಗಳಲ್ಲಿ ಒಂದನ್ನು ಅದೇ ಹೊತ್ತಿಗೆ, ಅದೇ ಮೇಜಿಗೆ ತನ್ನಿ.